ಕನ್ನಡ ಪುಸ್ತಕಕ್ಕೆ ಸರ್ವೆ ನಂಬರ್ ಕೊಡುವವರು ಯಾರು?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ ಪುಸ್ತಕ ಕನ್ನಡದ ಯಾವುದೋ ಒಂದು ಪುಸ್ತಕದ ಅನುವಾದವಲ್ಲ. 1990ರಿಂದ 2023ರವರೆಗಿನ ಬರವಣಿಗೆಯಿಂದ ಆರಿಸಿ ತೆಗೆದ 12 ಕಥೆಗಳು ಅದರಲ್ಲಿವೆ. ಪ್ರಶಸ್ತಿಯ ಸುದ್ದಿ ಓದಿದ ಒಬ್ಬರು ಹತ್ತಿರದ ಗ್ರಂಥಾಲಯಕ್ಕೆ ಹೋಗಿ, ಇದರ ಐದನೆಯ ಕಥೆಯನ್ನು ಕನ್ನಡದಲ್ಲೇ ಓದಬೇಕು, ಅದು ಯಾವ ಸಂಕಲನದಲ್ಲಿದೆ ಎಂದು ಕೇಳಿದರೆ ಕ್ಯಾಟಲಾಗಿನಲ್ಲಿ ಉತ್ತರ ಸಿಗುವುದಿಲ್ಲ. ನುರಿತ ಗ್ರಂಥಪಾಲಕರು ನೆನಪಿನಿಂದ ಹೇಳಿಯಾರು, ಅದು ಬೇರೆ ಮಾತು. ಕ್ಯಾಟಲಾಗಿಗೆ ಗೊತ್ತಿರುವುದು ಪುಸ್ತಕ, ಅದರ ಹೆಸರು, ಬರೆದವರು, ಪ್ರಕಾಶಕರು, ಪುಟಗಳ ಸಂಖ್ಯೆ. ಪುಸ್ತಕದೊಳಗಿನ ಕಥೆ, ಆ ಕಥೆಯ ಅನುವಾದ, ಆ ಅನುವಾದ ಸೇರಿಕೊಂಡ ಇನ್ನೊಂದು ಪುಸ್ತಕ ಅದಕ್ಕೆ ಗೊತ್ತಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಇರುವ ನಂಟನ್ನು ಬರೆದಿಡಲು ಅದರಲ್ಲಿ ತಕ್ಕ ಜಾಗವೇ ಇಲ್ಲ. ಈ ಕೊರತೆಯನ್ನು ನೀಗಿಸುವ ಕೆಲಸ ಜಗತ್ತಿನ ದೊಡ್ಡ ಗ್ರಂಥಾಲಯಗಳಲ್ಲಿ ಒಂದೂವರೆ ದಶಕದಿಂದ ನಡೆದಿದೆ. ಅದರಲ್ಲಿ ಕನ್ನಡದ ಪಾಲು ಏನು, ಅದನ್ನು ಯಾರು ಹೊರಬೇಕು ಎಂಬ ಮಾತು ಮಾತ್ರ ನಮ್ಮಲ್ಲಿ ಇನ್ನೂ ಶುರುವಾಗಿಲ್ಲ.

ಕ್ಯಾಟಲಾಗ್ ಹೀಗೇಕೆ ಆಯಿತು ಎಂಬುದಕ್ಕೆ ಕಾರಣ ಕಾರ್ಡು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1901ರಲ್ಲಿ ಅಚ್ಚು ಮಾಡಿದ ಕಾರ್ಡುಗಳನ್ನು ಬೇರೆ ಗ್ರಂಥಾಲಯಗಳಿಗೆ ಮಾರತೊಡಗಿತು. ಒಂದು ಪುಸ್ತಕಕ್ಕೆ ಒಮ್ಮೆ ಸೂಚಿ ಬರೆದರೆ ಸಾಕು, ಉಳಿದವರು ನಕಲು ಪಡೆದರಾಯಿತು ಎಂಬ ಜಾಣತನ ಅದರ ಹಿಂದಿತ್ತು. 1960ರ ದಶಕದಲ್ಲಿ ಅದೇ ಗ್ರಂಥಾಲಯದ ಹೆನ್ರಿಯೆಟ್ ಆವ್ರಮ್ ಎಂಬ ಪ್ರೋಗ್ರಾಮರ್ ಆ ಕಾರ್ಡನ್ನು ಯಂತ್ರ ಓದಬಲ್ಲ ಸಂಕೇತಗಳಿಗೆ ಇಳಿಸಿದರು. ಅದೇ 'ಮಾರ್ಕ್'. ಮ್ಯಾಗ್ನೆಟಿಕ್ ಟೇಪಿನ ಕಾಲದಲ್ಲಿ ಅಷ್ಟು ದೂರಾಲೋಚನೆಯ ಕೆಲಸ ಮಾಡಿದ್ದು ಸಣ್ಣ ಸಂಗತಿಯಲ್ಲ. ಇವತ್ತಿಗೂ ನಮ್ಮ ವಿಶ್ವವಿದ್ಯಾಲಯಗಳ ಕೋಹಾ ತಂತ್ರಾಂಶದ ಒಳಗೆ ಓಡಾಡುತ್ತಿರುವುದು ಆ ಸಂಕೇತಗಳೇ. ಆದರೆ ಅವರು ಯಂತ್ರಕ್ಕೆ ಹಾಕಿದ್ದು ಕಾರ್ಡನ್ನು. ಅಚ್ಚಿನ ಕಾರ್ಡುಗಳ ಕೊನೆಯ ಕಂತನ್ನು ಗ್ರಂಥಾಲಯಗಳ ಸಹಕಾರಿ ಬಳಗವಾದ ಓಸಿಎಲ್‌ಸಿ ಸಂಸ್ಥೆ ಮುದ್ರಿಸಿ ಕೈತೊಳೆದುಕೊಂಡದ್ದು 2015ರಲ್ಲಿ. ಕಾರ್ಡು ಹೋದರೂ ಕಾರ್ಡಿನ ಅಚ್ಚು ಪರದೆಯ ಮೇಲೆ ಹಾಗೇ ಉಳಿದಿದೆ: ಒಂದು ಪುಸ್ತಕಕ್ಕೆ ಒಂದು ದಾಖಲೆ, ಪ್ರತಿ ದಾಖಲೆಯೂ ತನ್ನಷ್ಟಕ್ಕೆ ಪೂರ್ಣ, ಪಕ್ಕದ ದಾಖಲೆಯ ಗೊಡವೆ ಅದಕ್ಕಿಲ್ಲ.

ಇದರಿಂದ ಹೊರಬರುವ ಮೊದಲ ಗಂಭೀರ ಯೋಚನೆ ಬಂದದ್ದು 1998ರಲ್ಲಿ. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ಆ ವರ್ಷ ಪ್ರಕಟಿಸಿದ ವರದಿ, ನಾವು 'ಪುಸ್ತಕ' ಎಂದು ಒಂದೇ ಉಸಿರಿನಲ್ಲಿ ಹೇಳುವುದನ್ನು ನಾಲ್ಕು ಪದರಗಳಾಗಿ ಬಿಡಿಸಿತು. ಅನಂತಮೂರ್ತಿಯವರ 'ಸಂಸ್ಕಾರ' ಎಂಬುದು ಒಂದು ಕೃತಿ. ಅದರ 1965ರ ಕನ್ನಡ ಪಠ್ಯ ಒಂದು ರೂಪ, ಎ.ಕೆ. ರಾಮಾನುಜನ್ 1976ರಲ್ಲಿ ಕೊಟ್ಟ ಇಂಗ್ಲಿಷ್ ಪಠ್ಯ ಇನ್ನೊಂದು ರೂಪ. ಆಯಾ ಪಠ್ಯದ ಬೇರೆ ಬೇರೆ ಮುದ್ರಣಗಳು ಮೂರನೆಯ ಪದರ, ಕಪಾಟಿನಲ್ಲಿರುವ ಪ್ರತಿ ನಾಲ್ಕನೆಯದು. 1970ರ ಸಿನಿಮಾ ಇದೇ ಕೃತಿಯಿಂದ ಹುಟ್ಟಿದ ಬೇರೊಂದು ಕೃತಿ. ಮುಂದೆ 2006ರಲ್ಲಿ ಟಿಮ್ ಬರ್ನರ್ಸ್-ಲೀ 'ಲಿಂಕ್ಡ್ ಡೇಟಾ'ದ ಸೂತ್ರಗಳನ್ನು ಮುಂದಿಟ್ಟರು. ಪ್ರತಿ ವಸ್ತುವಿಗೂ, ವ್ಯಕ್ತಿಗೂ, ಕೃತಿಗೂ ಅಂತರ್ಜಾಲದಲ್ಲಿ ಒಂದು ಕಾಯಂ ಗುರುತು ಇರಲಿ, ಅವುಗಳ ನಡುವಿನ ಸಂಬಂಧವನ್ನು ಯಂತ್ರಕ್ಕೆ ತಿಳಿಯುವ ಪುಟ್ಟ ಹೇಳಿಕೆಗಳಾಗಿ ಬರೆಯಿರಿ ಎಂಬುದು ಅದರ ತಿರುಳು. ನಮ್ಮ ಪಹಣಿಯಲ್ಲಿ ಒಡೆಯನ ಹೆಸರು ಬದಲಾದರೂ, ಬೆಳೆ ಬದಲಾದರೂ ಸರ್ವೆ ನಂಬರನ್ನು ಹಿಡಿದು ಜಮೀನು ಪತ್ತೆ ಮಾಡುತ್ತೇವಲ್ಲ, ಹಾಗೆ. ಈ ಎರಡೂ ಯೋಚನೆಗಳನ್ನು ಹೊಲಿದು ಲೈಬ್ರರಿ ಆಫ್ ಕಾಂಗ್ರೆಸ್ 2011ರಲ್ಲಿ ಕೈಗೆತ್ತಿಕೊಂಡದ್ದು 'ಬಿಬ್‌ಫ್ರೇಮ್'. ಅದರ ಎರಡನೆಯ ಆವೃತ್ತಿ 2016ರಲ್ಲಿ ಬಂತು. ಸ್ವೀಡನ್ನಿನ ರಾಷ್ಟ್ರೀಯ ಗ್ರಂಥಾಲಯ 2018ರಲ್ಲಿ ತನ್ನ ಇಡೀ ಸಂಯುಕ್ತ ಸೂಚಿಯನ್ನು ಆ ದಾರಿಗೆ ಹೊರಳಿಸಿತು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ 2011ರಿಂದಲೇ ಲೇಖಕರಿಗೆ, ಕೃತಿಗಳಿಗೆ ಪ್ರತ್ಯೇಕ ಪುಟ ಕಟ್ಟಿ ಸಾರ್ವಜನಿಕರಿಗೆ ಬಿಟ್ಟಿದೆ.

ಸರ್ವೆ ನಂಬರ್ ಕೊಡುವ ಅಧಿಕಾರ ಯಾರದು ಎಂಬಲ್ಲಿ ನನ್ನ ತಕರಾರು ಶುರುವಾಗುತ್ತದೆ. ಮಾರ್ಕ್‌ನ ಮೂಲ ಅಕ್ಷರ ಸಂಕೇತದಲ್ಲಿ ರೋಮನ್ ಇತ್ತು. ಬರುಬರುತ್ತಾ ಸಿರಿಲಿಕ್, ಅರಬಿ, ಹೀಬ್ರೂ, ಗ್ರೀಕ್, ಚೀನೀ, ಜಪಾನಿ, ಕೊರಿಯನ್ ಸೇರಿದವು. ಕನ್ನಡ ಸೇರಲಿಲ್ಲ, ಭಾರತೀಯ ಲಿಪಿಗಳು ಯಾವುವೂ ಸೇರಲಿಲ್ಲ. ಯೂನಿಕೋಡ್ ಬಳಕೆಗೆ ಬರುವತನಕ ಕನ್ನಡ ಪುಸ್ತಕ ಆ ಕ್ಯಾಟಲಾಗಿಗೆ ಹೋಗಬೇಕಾದರೆ ರೋಮನ್ ವೇಷ ತೊಡಲೇಬೇಕಿತ್ತು, ಅಕ್ಷರದ ಮೇಲೊಂದು ಗೆರೆ, ಕೆಳಗೊಂದು ಚುಕ್ಕಿ ಸಮೇತ. ಇಲ್ಲಿ ಹೊರಗಿನವರನ್ನು ಬಯ್ದು ಪ್ರಯೋಜನವಿಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು, ಅಮೆರಿಕ ಭಾರತಕ್ಕೆ ಮಾರಿದ ಗೋಧಿಯ ಬಾಬ್ತು ಸಂದ ರೂಪಾಯಿಗಳಲ್ಲಿ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸಿ, ಒಂದೊಂದಕ್ಕೂ ಶಿಸ್ತಿನ ಸೂಚಿ ಬರೆಸಿತು. ಹಳೆಯ ಕನ್ನಡ ಕಾದಂಬರಿಯೊಂದರ ಮೊದಲ ಮುದ್ರಣದ ವಿವರ ಬೇಕಾದ ಸಂಶೋಧಕರು ಅಲ್ಲಿನ ಕ್ಯಾಟಲಾಗ್ ನೋಡುವುದು ಅದಕ್ಕೇ. ನಮ್ಮ ರಾಷ್ಟ್ರೀಯ ಗ್ರಂಥಸೂಚಿಯಾದರೂ ಏನು ಮಾಡಿತು? 1954ರ ಕಾಯ್ದೆಯಂತೆ ಪ್ರಕಾಶಕರು ಕಳಿಸಿಕೊಟ್ಟ ಪುಸ್ತಕಗಳನ್ನು ಆಧರಿಸಿ 1958ರಲ್ಲಿ ಹೊರಬರತೊಡಗಿದ ಇಂಡಿಯನ್ ನ್ಯಾಷನಲ್ ಬಿಬ್ಲಿಯಾಗ್ರಫಿ ಕೂಡ ಎಲ್ಲ ಭಾಷೆಗಳನ್ನೂ ರೋಮನ್ ಲಿಪಿಯಲ್ಲೇ ಸಾಲಾಗಿ ನಿಲ್ಲಿಸಿತು. ಹಲವು ಲಿಪಿಗಳನ್ನು ಒಂದೇ ಅಕಾರಾದಿಯಲ್ಲಿ ಜೋಡಿಸಲು ಆಗ ಬೇರೆ ದಾರಿ ಇರಲಿಲ್ಲ ಎನ್ನೋಣ. ಈಗ ಆ ನೆಪವೂ ಇಲ್ಲ. ಇನ್ನು ಡ್ಯೂಯಿ ವರ್ಗೀಕರಣದಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಇಡೀ ಹಟ್ಟಿ, ಕನ್ನಡ ಸಾಹಿತ್ಯಕ್ಕೆ 894.814 ಎಂಬ ಮೂಲೆಮನೆ. ಇದನ್ನು ನಮ್ಮ ಗ್ರಂಥಾಲಯಗಳೇ ಪುಸ್ತಕದ ಬೆನ್ನಿಗೆ ಅಂಟಿಸುತ್ತವೆ ಎಂಬುದು ಇನ್ನೊಂದು ಕಥೆ.

ಗುರುತು ಕೊಡುವುದು ಗುಮಾಸ್ತಗಿರಿ ಎಂದು ತಿಳಿದವರು ಕನ್ನಡ ಲೇಖಕರ ಹೆಸರುಗಳನ್ನು ಒಮ್ಮೆ ನೋಡಬೇಕು. ಅನಸೂಯಾ ಶಂಕರ್ ಎಂಬ ಹೆಸರಿನಲ್ಲಿ ಯಾರೂ ಕಾದಂಬರಿ ಹುಡುಕುವುದಿಲ್ಲ, ತ್ರಿವೇಣಿ ಎಂದು ಹುಡುಕುತ್ತಾರೆ. ಕುಳಕುಂದ ಶಿವರಾಯರು ನಿರಂಜನ, ರಾಯಸಂ ಭೀಮಸೇನರಾಯರು ಬೀಚಿ. ಬೇಂದ್ರೆಯವರು ಕವಿತೆಗೆ ಅಂಬಿಕಾತನಯದತ್ತ, ಉಳಿದ ಬರಹಕ್ಕೆ ದ.ರಾ. ಬೇಂದ್ರೆ, ಹಾಗಾದರೆ ಇಬ್ಬರೋ ಒಬ್ಬರೋ? ಮಾಸ್ತಿಯವರ 'ಶ್ರೀನಿವಾಸ' ಎಂಬ ಕಾವ್ಯನಾಮವನ್ನು ಯಂತ್ರದ ಮುಂದಿಟ್ಟರೆ ಅದು ನೂರಾರು ಶ್ರೀನಿವಾಸರನ್ನು ತಂದು ನಿಲ್ಲಿಸುತ್ತದೆ. ನಂದಳಿಕೆಯ ಲಕ್ಷ್ಮೀನಾರಣಪ್ಪನವರಂತೂ ಮುದ್ದಣನೆಂಬ ಹೆಸರಿನ ಮರೆಯಲ್ಲಿ ನಿಂತು ತಮ್ಮ ಕಾವ್ಯ ಹಳೆಯ ಕವಿಯದೆಂಬ ಭ್ರಮೆಯನ್ನು ಬೇಕೆಂದೇ ಹಬ್ಬಿಸಿದರು. ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಎಲ್ಲ ಇನಿಶಿಯಲ್ಲುಗಳಲ್ಲಿ ಅಡಗಿರುವ ನಮ್ಮ ಹೆಸರುಗಳನ್ನು 'ಕುಲನಾಮ, ಅಲ್ಪವಿರಾಮ, ಕೊಟ್ಟ ಹೆಸರು' ಎಂಬ ಯುರೋಪಿನ ಅಚ್ಚಿಗೆ ಹಾಕಿದಾಗ ಆಗುವ ಅವಾಂತರ ಹೊಸದಲ್ಲ. ಎಸ್.ಆರ್. ರಂಗನಾಥನ್ 1934ರ ತಮ್ಮ ಸೂಚೀಕರಣ ಸಂಹಿತೆಯಲ್ಲೂ 1955ರ 'ಹೆಡಿಂಗ್ಸ್ ಅಂಡ್ ಕ್ಯಾನನ್ಸ್' ಗ್ರಂಥದಲ್ಲೂ ಇದರೊಂದಿಗೆ ಗುದ್ದಾಡಿದ್ದಾರೆ. ಯಾರು ಯಾರೆಂದು ತೀರ್ಮಾನಿಸಿ, ಒಬ್ಬರ ಎಲ್ಲ ಹೆಸರುಗಳನ್ನೂ ಒಂದು ಗುರುತಿಗೆ ಕಟ್ಟುವ ಈ ಪಟ್ಟಿಗೆ ಗ್ರಂಥಪಾಲಕರ ಮಾತಿನಲ್ಲಿ ಅಥಾರಿಟಿ ಫೈಲ್ ಎಂದು ಹೆಸರು. ಅದಿಲ್ಲದೆ ಲಿಂಕ್ಡ್ ಡೇಟಾ ಎಂಬುದು ಗಂಟೇ ಇಲ್ಲದ ಬಲೆ. ಕನ್ನಡಕ್ಕೆ ಸಾರ್ವಜನಿಕವಾದ, ಕನ್ನಡ ಲಿಪಿಯನ್ನೇ ಮೊದಲ ರೂಪವಾಗಿ ಇಟ್ಟುಕೊಂಡ ಅಂಥ ಕಡತ ಮೊದಲು ಆಗಬೇಕು, ತಂತ್ರಾಂಶದ ಚಿಂತೆ ಆಮೇಲೆ.

ಹಳಗನ್ನಡಕ್ಕೆ ಬಂದರೆ ಇದು ಇನ್ನಷ್ಟು ಜಟಿಲ, ಮತ್ತು ಹೊಸ ಮಾದರಿಯ ನಿಜವಾದ ಬಲ ಕಾಣುವುದೂ ಅಲ್ಲೇ. 'ಕವಿರಾಜಮಾರ್ಗ'ವನ್ನು ಬರೆದವರು ಯಾರು? ನೃಪತುಂಗ ಎಂದು ಕೆಲವರು, ಶ್ರೀವಿಜಯ ಎಂದು ಹಲವರು. ಒಂದು ಶತಮಾನದ ವಾದ. ಕಾರ್ಡಿನಲ್ಲಿ ಲೇಖಕನ ಜಾಗ ಒಂದೇ. ಸೂಚಿ ಬರೆದವರು ಒಂದು ಹೆಸರು ಹಾಕಿದ ಗಳಿಗೆಯಲ್ಲಿ ವಾದ ಮುಗಿದಂತೆ ಕಾಣುತ್ತದೆ. ಲಿಂಕ್ಡ್ ಡೇಟಾದಲ್ಲಿ ಪ್ರತಿ ಹೇಳಿಕೆಗೂ ಅದನ್ನು ಹೇಳಿದವರು ಯಾರು, ಯಾವ ಆಧಾರದ ಮೇಲೆ ಎಂಬುದನ್ನು ಕಟ್ಟಿ ಇಡಬಹುದು. ಶ್ರೀವಿಜಯನೆಂದು ಇಂಥ ವಿದ್ವಾಂಸರ ಮತ, ನೃಪತುಂಗನೆಂದು ಇಂಥವರ ಮತ, ಎರಡೂ ಒಂದೇ ಕೃತಿಗೆ ಅಂಟಿಕೊಂಡು ಬದುಕಬಹುದು. 'ಛಂದೋಂಬುಧಿ'ಯ ನಾಗವರ್ಮ ಮತ್ತು 'ಕಾವ್ಯಾವಲೋಕನ'ದ ನಾಗವರ್ಮ ಬೇರೆ ಬೇರೆ ಎಂಬುದನ್ನು ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕು. ನಾಗಚಂದ್ರನೂ ಅಭಿನವ ಪಂಪನೂ ಒಬ್ಬನೇ, ಆದರೆ ಆದಿಪಂಪ ಬೇರೆ ಎಂಬುದನ್ನೂ ಹೇಳಿಕೊಡಬೇಕು. ಇಂಥ ಕೆಲಸಕ್ಕೆ ನಾವು ಹೊಸಬರೇನಲ್ಲ. ಆರ್. ನರಸಿಂಹಾಚಾರ್ಯರು 1907, 1919 ಮತ್ತು 1929ರಲ್ಲಿ ಹೊರತಂದ 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳು ಕವಿಯ ಹೆಸರು, ಬಿರುದು, ಕಾಲ, ಆಶ್ರಯದಾತ, ಕೃತಿಗಳು, ಕಾಲನಿರ್ಣಯಕ್ಕೆ ಆಧಾರ ಎಂದು ಒಂದೊಂದನ್ನೂ ಬಿಡಿಸಿ ಬರೆದಿವೆ. ಇಂದಿನ ಪರಿಭಾಷೆಯಲ್ಲಿ ಅದು ಕನ್ನಡದ ಮೊದಲ ಅಥಾರಿಟಿ ಫೈಲ್. ಆಮೇಲೆ ವಿಶ್ವವಿದ್ಯಾಲಯಗಳು ಗ್ರಂಥಸೂಚಿಗಳನ್ನೂ ಹಸ್ತಪ್ರತಿ ಸೂಚಿಗಳನ್ನೂ ಸಂಪುಟಗಟ್ಟಲೆ ಅಚ್ಚು ಹಾಕಿದವು. ಆ ದುಡಿಮೆಯೆಲ್ಲ ಈಗ ಕಾಗದದಲ್ಲಿ ಮಲಗಿದೆ.

ಇಷ್ಟೆಲ್ಲ ಯಾಕೆ, ಈಗ ಹುಡುಕು ಯಂತ್ರಗಳಿವೆ, ಪಠ್ಯವನ್ನೇ ಓದಿ ಉತ್ತರಿಸುವ ಕೃತಕ ಬುದ್ಧಿಮತ್ತೆ ಬಂದಿದೆ, ಕ್ಯಾಟಲಾಗಿನ ಕಾಲ ಮುಗಿಯಿತು ಎನ್ನುವವರಿದ್ದಾರೆ. ಇದು ಹಗುರವಾದ ಆಕ್ಷೇಪವಲ್ಲ. ಆದರೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಗತಿ ನೆನಪಿರಲಿ. ಸರ್ಕಾರದ ಹಣದಲ್ಲಿ ಲಕ್ಷಗಟ್ಟಲೆ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದರು; ಅವುಗಳಲ್ಲಿ ಕನ್ನಡದ ಅಪರೂಪದ ಪುಸ್ತಕಗಳೂ ಇದ್ದವು. ಹೆಸರುಗಳನ್ನು ಮಾತ್ರ ಯಾವ ನಿಯಮವೂ ಇಲ್ಲದ ರೋಮನ್ ಕಾಗುಣಿತದಲ್ಲಿ ಬೆರಳಚ್ಚು ಮಾಡಿದ್ದರಿಂದ ಪುಸ್ತಕ ಇದ್ದೂ ಸಿಗದಾಯಿತು. ಮುಂದೆ ಅವು ಇಂಟರ್ನೆಟ್ ಆರ್ಕೈವ್ ಸೇರಿದಾಗ ಆ ತಪ್ಪುಗಳೂ ಜೊತೆಗೇ ಹೋದವು. ಬೆಂಗಳೂರಿನ 'ಸಂಚಯ'ದಂಥ ಸ್ವಯಂಸೇವಕರ ಬಳಗ ಅವನ್ನು ಕನ್ನಡದಲ್ಲಿ ಹುಡುಕುವಂತೆ ಮಾಡಲು ಪಟ್ಟ ಪಾಡು ಅದರ ಫಲ. ಇನ್ನು ಕೃತಕ ಬುದ್ಧಿಮತ್ತೆಯ ವಿಷಯ. 2025ರ ಮೇನಲ್ಲಿ ಅಮೆರಿಕದ 'ಷಿಕಾಗೊ ಸನ್-ಟೈಮ್ಸ್' ಪತ್ರಿಕೆಯ ಪುರವಣಿಯಲ್ಲಿ ಬೇಸಿಗೆ ಓದಿಗೆಂದು 15 ಪುಸ್ತಕಗಳ ಪಟ್ಟಿ ಬಂತು. ಅದರಲ್ಲಿ 10 ಪುಸ್ತಕಗಳು ಹುಟ್ಟಿಯೇ ಇರಲಿಲ್ಲ. ಲೇಖಕರು ನಿಜ, ಪುಸ್ತಕಗಳು ಯಂತ್ರದ ಕಲ್ಪನೆ. ಇಂಗ್ಲಿಷಿನಲ್ಲಿ ಪರೀಕ್ಷಿಸಲು ನಂಬುವಂಥ ಕ್ಯಾಟಲಾಗುಗಳಿದ್ದವು, ಓದುಗರು ಆ ದಿನಗಳಲ್ಲೇ ಸುಳ್ಳನ್ನು ಹಿಡಿದರು. ಕನ್ನಡದಲ್ಲಿ ತ.ರಾ.ಸು. ಅವರ ಹೆಸರಿಗೆ ಇಲ್ಲದ ಕಾದಂಬರಿಯೊಂದನ್ನು ಯಂತ್ರ ಹೊಸೆದರೆ ಅಲ್ಲಗಳೆಯಲು ಯಾವ ಪಟ್ಟಿಯನ್ನು ತೋರಿಸುತ್ತೀರಿ? ಯಂತ್ರ ಜಾಣವಾದಷ್ಟೂ ಅದನ್ನು ಒರೆಗೆ ಹಚ್ಚುವ ಕಲ್ಲು ಗಟ್ಟಿಯಾಗಿರಬೇಕು.

ಎರಡನೆಯ ಆಕ್ಷೇಪ ವೃತ್ತಿಯ ಒಳಗಿನಿಂದಲೇ ಬರುತ್ತದೆ. ಮಾರ್ಕ್ ಸಾಯಲೇಬೇಕು ಎಂದು ಅಮೆರಿಕದ ಗ್ರಂಥಪಾಲಕ ರಾಯ್ ಟೆನೆಂಟ್ 2002ರಲ್ಲೇ ಬರೆದರು. ಅದು ಇನ್ನೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದೆ. ಬಿಬ್‌ಫ್ರೇಮ್ ಬಗ್ಗೆ ಸಭೆಗಳು ನಡೆದಷ್ಟು ಬಳಕೆ ನಡೆದಿಲ್ಲ, ನಾಳೆ ಅದರ ಜಾಗಕ್ಕೆ ಇನ್ನೊಂದು ಬಂದರೆ ನಾವು ಖರ್ಚು ಮಾಡಿದ್ದು ನೀರುಪಾಲು ಎನ್ನುತ್ತಾರೆ. ಇದನ್ನು ನಾನು ಬಹುಪಾಲು ಒಪ್ಪುತ್ತೇನೆ. ಕರ್ನಾಟಕದ ಗ್ರಂಥಾಲಯಗಳು ಕೋಹಾವನ್ನೋ ಇ-ಗ್ರಂಥಾಲಯವನ್ನೋ ಕಿತ್ತೆಸೆದು ಬಿಬ್‌ಫ್ರೇಮ್‌ಗೆ ಹಾರಬೇಕೆಂದು ನಾನು ಹೇಳುತ್ತಿಲ್ಲ, ಆ ದುಡುಕು ಬೇಡ. ಲೇಖಕರಿಗೂ ಕೃತಿಗೂ ಕೊಟ್ಟ ಕಾಯಂ ಗುರುತನ್ನು ಈಗಿರುವ ಮಾರ್ಕ್ ದಾಖಲೆಯ ಉಪಕ್ಷೇತ್ರದಲ್ಲೇ ಸೇರಿಸಲು ಅವಕಾಶವಿದೆ. ತಂತ್ರಾಂಶ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ, ಮಾನಕ ಮೂವತ್ತು ವರ್ಷಕ್ಕೊಮ್ಮೆ. ತ್ರಿವೇಣಿ ಮತ್ತು ಅನಸೂಯಾ ಶಂಕರ್ ಒಬ್ಬರೇ ಎಂಬ ಸಂಗತಿ ಮಾತ್ರ ಯಾವ ಮಾನಕ ಬಂದರೂ ಬದಲಾಗುವುದಿಲ್ಲ. ಹಿಂದೆ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿ ಈಗ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಗೋಜಲಾಗಿರುವ ದಾಖಲೆಗಳನ್ನು ಕಂಡವರಿಗೆ, ಹಣ ಹಾಕಬೇಕಾದ್ದು ಪೆಟ್ಟಿಗೆಗಲ್ಲ, ಒಳಗಿನ ಸಾಮಾನಿಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ನ್ಯಾಯದ ಪ್ರಶ್ನೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಕೂರಲು ಕುರ್ಚಿ, ಓದಲು ಬೆಳಕು ಬೇಕಿರುವಾಗ ದತ್ತಾಂಶದ ಐಷಾರಾಮ ಯಾಕೆ? ಇದಕ್ಕೆ ಲೆಕ್ಕದಲ್ಲೇ ಉತ್ತರವಿದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯು ಸಗಟಿನಲ್ಲಿ ಕೊಂಡ ಒಂದೇ ಪುಸ್ತಕ ರಾಜ್ಯದ ನೂರಾರು ಗ್ರಂಥಾಲಯಗಳಿಗೆ ಹೋಗುತ್ತದೆ. ಸೂಚಿ ಬರೆಯುವ ಕಡೆ ಪ್ರತಿಯೊಬ್ಬರೂ ಅದನ್ನು ಹೊಸದಾಗಿ, ತಮಗೆ ತೋಚಿದ ಕಾಗುಣಿತದಲ್ಲಿ ಬರೆಯುತ್ತಾರೆ. ಬರೆಯದ ಕಡೆ ಪುಸ್ತಕ ಅಕ್ಸೆಶನ್ ರಿಜಿಸ್ಟರಿನ ಒಂದು ಸಾಲಾಗಿ ಮುಗಿದುಹೋಗುತ್ತದೆ. 1901ರ ಕಾರ್ಡು ವ್ಯಾಪಾರ ಬಗೆಹರಿಸಿದ್ದು ಇದೇ ಪೋಲನ್ನು. ಒಮ್ಮೆ ಸರಿಯಾಗಿ ಬರೆದದ್ದನ್ನು ಎಲ್ಲರೂ ಎಳೆದುಕೊಂಡರೆ ಬಡ ಗ್ರಂಥಾಲಯಕ್ಕೇ ಹೆಚ್ಚು ಲಾಭ, ಏಕೆಂದರೆ ಅಲ್ಲಿ ಸೂಚಿ ಬರೆಯಲು ತರಬೇತಾದ ಕೈ ಇಲ್ಲ. 1965ರ ಗ್ರಂಥಾಲಯ ಕಾಯ್ದೆಯ ದೆಸೆಯಿಂದ ಜನ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತಲೇ ಬಂದಿದ್ದಾರೆ. ಅವರ ಹಣದಲ್ಲಿ ಕೊಂಡ ಪುಸ್ತಕ ಎಲ್ಲಿದೆ ಎಂದು ತಿಳಿಯುವ ಹಕ್ಕು ಐಷಾರಾಮವಲ್ಲ.

ವಿಕಿಡೇಟಾ ಇದೆಯಲ್ಲ ಎಂಬುದು ಕೊನೆಯ ಮಾತು. 2012ರಲ್ಲಿ ಶುರುವಾದ ಆ ಮುಕ್ತ ಕೋಶ ಪ್ರತಿ ಸಂಗತಿಗೂ ಒಂದು ಅಂಕಿ ಕೊಡುತ್ತದೆ, ಕನ್ನಡ ಲಿಪಿಯಲ್ಲಿ ಹೆಸರು ಬರೆಯಬಹುದು, ಯಾರು ಬೇಕಾದರೂ ಬಳಸಬಹುದು. ಕನ್ನಡದ ಕಡತಕ್ಕೂ ಅದಕ್ಕೂ ಕೊಂಡಿ ಇರಲೇಬೇಕು. ಆದರೆ ಯಾರು ಬೇಕಾದರೂ ತಿದ್ದಬಹುದಾದ ಜಾಗದಲ್ಲಿ ಹೊಣೆ ಯಾರ ಮೇಲೂ ಇರುವುದಿಲ್ಲ. ಮರೆತುಹೋದ ಲೇಖಕರ ಮರುಮುದ್ರಣಗಳನ್ನು ವರ್ಷವರ್ಷ ಬೆನ್ನುಹತ್ತಲು ಸಂಬಳ ಪಡೆವ ಒಬ್ಬರಾದರೂ ಬೇಕು. ಒಡೆತನದ ಪಾಠವೂ ಮುಖ್ಯ. ಗ್ರಂಥಾಲಯಗಳು ದಾಖಲೆಗಳನ್ನು ಬಿಟ್ಟಿಯಾಗಿ ಹಂಚಿಕೊಳ್ಳುವ ವೇದಿಕೆಯೊಂದನ್ನು ಕ್ಲಾರಿವೇಟ್ ಕಂಪನಿ ಕಟ್ಟಹೊರಟಾಗ ಓಸಿಎಲ್‌ಸಿ 2022ರಲ್ಲಿ ನ್ಯಾಯಾಲಯಕ್ಕೆ ಹೋಯಿತು; ಅದೇ ವರ್ಷ ರಾಜಿಯಾಗಿ ಆ ವೇದಿಕೆ ನಿಂತೇಹೋಯಿತು. ಗ್ರಂಥಪಾಲಕರು ದಶಕಗಳ ಕಾಲ ಕೂಡಿ ಬರೆದ ದಾಖಲೆಗಳ ಮೇಲೆ ಹಕ್ಕು ಯಾರದೆಂಬುದು ವಕೀಲರ ಕೈಗೆ ಹೋಯಿತು. ಆದ್ದರಿಂದ ಕನ್ನಡದ ಕಡತ ಮೊದಲ ದಿನದಿಂದಲೇ ಮುಕ್ತ ಪರವಾನಗಿಯಲ್ಲಿರಬೇಕು, ಟೆಂಡರ್ ಹಿಡಿದ ಕಂಪನಿಯ ಸರ್ವರಿನಲ್ಲಿ ಅಲ್ಲ. ಕಟ್ಟುವ ಶಕ್ತಿ ದೂರದಲ್ಲೇನೂ ಇಲ್ಲ. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಡಿಆರ್‌ಟಿಸಿ, ಇಂಥ ದತ್ತಾಂಶ ಮಾದರಿಗಳ ಮೇಲೆ ಕೆಲಸ ಮಾಡುತ್ತಲೇ ಇದೆ. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ಕವಿಕಾಲ ಬಲ್ಲವರಿದ್ದಾರೆ, ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿ ಪುಸ್ತಕಗಳಿವೆ. ಮೂವರೂ ಒಂದೇ ಮೇಜಿಗೆ ಬಂದು ಕೂರುವುದಷ್ಟೇ ಬಾಕಿ.

ಹೊಸ ಪುಸ್ತಕಗಳ ಮಟ್ಟಿಗಂತೂ ಹೆಚ್ಚು ಖರ್ಚೂ ಇಲ್ಲ. ಯಾವುದೇ ಕನ್ನಡ ಪುಸ್ತಕದ ಶೀರ್ಷಿಕೆ ಪುಟವನ್ನು ಮಗುಚಿ ನೋಡಿ: ಡೆಮಿ ಎಂಟನೆಯ ಒಂದು, 70 ಜಿಎಸ್‌ಎಂ ಮ್ಯಾಪ್‌ಲಿಥೋ, ಪುಟಗಳು ಇಷ್ಟು, ಬೆಲೆ ಇಷ್ಟು ಎಂದು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಇರುತ್ತದೆ. ಕಾಗದದ ತೂಕ ಸಿಗುತ್ತದೆ. ಅದು ಅನುವಾದವಾದರೆ ಮೂಲದ ಹೆಸರು, ಮೂಲ ಭಾಷೆ, ಸಂಕಲನವಾದರೆ ಕಥೆಗಳು ಮೊದಲು ಎಲ್ಲಿ ಬಂದವು, ಮರುಮುದ್ರಣವಾದರೆ ಮೊದಲ ಮುದ್ರಣದ ವರ್ಷ ಎಷ್ಟೋ ಪುಸ್ತಕಗಳಲ್ಲಿ ಸಿಗುವುದಿಲ್ಲ. ಕಾಗದದ ವಿವರವನ್ನು ಪ್ರಕಾಶಕರು ಬಿಡದೆ ಅಚ್ಚು ಹಾಕುವುದು ಕೊಳ್ಳುವವರು ಅದನ್ನು ಕೇಳುತ್ತಾರೆಂದು. ಸಗಟು ಖರೀದಿಗೆ ಅರ್ಜಿ ಹಾಕುವ ನಮೂನೆಯಲ್ಲಿ ಇಲಾಖೆ ಇನ್ನು ನಾಲ್ಕು ಅಂಕಣ ಸೇರಿಸಲಿ: ಲೇಖಕರ ಪೂರ್ಣ ಹೆಸರು ಮತ್ತು ಕಾವ್ಯನಾಮ ಕನ್ನಡದಲ್ಲಿ, ಮೂಲ ಕೃತಿ ಮತ್ತು ಅನುವಾದಕರು, ಮೊದಲ ಮುದ್ರಣದ ವರ್ಷ, ಒಳಗಿನ ಬರಹಗಳ ಪಟ್ಟಿ, ಎಲ್ಲ ಯೂನಿಕೋಡ್‌ನಲ್ಲಿ. ಅಂಕಣ ಖಾಲಿ ಬಿಟ್ಟ ಅರ್ಜಿಯನ್ನು ವಾಪಸು ಕಳಿಸಲಿ. ತುಂಬಿ ಬಂದದ್ದನ್ನು ಡಿಆರ್‌ಟಿಸಿಯ ವಿದ್ಯಾರ್ಥಿಗಳು ಪರಿಶೀಲಿಸಿ ಗುರುತಿನ ಅಂಕಿ ಕೊಡಲಿ, ಪ್ರಕಾಶಕರು ಮುಂದಿನ ಮುದ್ರಣದಲ್ಲಿ ಅದನ್ನು ಮ್ಯಾಪ್‌ಲಿಥೋ ಸಾಲಿನ ಕೆಳಗೇ ಹಾಕಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಇಲಾಖೆಯ ಒಂದು ಸುತ್ತೋಲೆ ಸಾಕು.